ಗ್ರೀನ್ ಕಾರ್ಡ್ ಇದ್ದರೆ ಎಫ್‌ಬಿಐ ಏಜೆಂಟ್ ಆಗಬಹುದಾ?

ಗ್ರೀನ್ ಕಾರ್ಡ್ ಇರುವ, ಅಕೌಂಟಿಂಗ್ ಕೆಲಸದಲ್ಲಿರುವ 29ರ ತಮ್ಮ ಎಫ್‌ಬಿಐ ಸ್ಪೆಷಲ್ ಏಜೆಂಟ್ ಆಗಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಆಗುವುದಿಲ್ಲ. ಅಮೆರಿಕದ ಪೌರತ್ವ ಬೇಕೇ ಬೇಕು. ಗ್ರೀನ್ ಕಾರ್ಡ್ ಬಂದು ಸಾಮಾನ್ಯವಾಗಿ 5 ವರ್ಷವಾದ ಮೇಲೆ ಅದು ಸಿಗುತ್ತದೆ. ಆದರೆ ವಯಸ್ಸು ಕಾಯುವುದಿಲ್ಲ ಅಲ್ವಾ? 37 ತುಂಬುವ ಮೊದಲೇ ಕೆಲಸಕ್ಕೆ ಸೇರಿರಬೇಕು. 57ಕ್ಕೆ ಕಡ್ಡಾಯ ನಿವೃತ್ತಿ, ಅಷ್ಟರಲ್ಲಿ 20 ವರ್ಷ ಸರ್ವಿಸ್ ಆಗಬೇಕು ಅನ್ನುವ ಲೆಕ್ಕ. ಹಾಗಾಗಿ ಪೌರತ್ವದ ಅರ್ಜಿಯನ್ನು ಸುಮ್ನೆ ಮುಂದೂಡಬೇಡಿ.

ಓದಿನ ಚಿಂತೆ ಬೇಡ. ಡಿಗ್ರಿ, 2 ವರ್ಷದ ಪೂರ್ಣಾವಧಿ ಕೆಲಸ ಇದ್ದರೆ ಸಾಕು. ಹಣಕಾಸಿನ ವಂಚನೆ ಕೇಸುಗಳಿಗೆ ಲೆಕ್ಕ ಗೊತ್ತಿರುವವರು ಬೇಕು.

ನಿಜವಾದ ತಲೆನೋವು ಹಿನ್ನೆಲೆ ತನಿಖೆ. ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ ಕೂಡ ಇರುತ್ತದೆ. ಭಾರತದಲ್ಲಿರುವ ಅಪ್ಪ ಅಮ್ಮ, ಊರಿಗೆ ಹೋಗಿ ಬಂದದ್ದು, ಎಲ್ಲವನ್ನೂ ಬರೆದುಕೊಡಬೇಕು. ನೆಂಟರು ಅಲ್ಲಿದ್ದಾರೆ ಅನ್ನುವುದು ತಪ್ಪಲ್ಲ, ಮುಚ್ಚಿಟ್ಟರೆ ಕಥೆ ಮುಗೀತು. ಅವನಿರುವ ರಾಜ್ಯದಲ್ಲಿ ಗಾಂಜಾಕ್ಕೆ ಅನುಮತಿ ಇದ್ದರೂ ದೂರ ಇರಲಿ. ಎಫ್‌ಬಿಐ ಅರ್ಜಿಯ ಹಿಂದಿನ 1 ವರ್ಷದಲ್ಲಿ ಸೇದಿದ್ದರೆ ಅನರ್ಹ.

ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಅಪರಾಧ ತನಿಖಾ ವಿಭಾಗವನ್ನೂ ನೋಡಲಿ. ಪೌರತ್ವದ ನಿಯಮ ಅಲ್ಲೂ ಇದೆ, ಆದರೆ ಅಕೌಂಟಿಂಗ್ ಓದಿದವರಿಗೆ ಹೇಳಿ ಮಾಡಿಸಿದ ಜಾಗ. ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್‌ನನ್ನು 1931ರಲ್ಲಿ ತೆರಿಗೆ ಕೇಸಿನಲ್ಲಿ ಸಿಕ್ಕಿಸಿದ್ದು ತೆರಿಗೆ ಇಲಾಖೆಯ ತನಿಖಾಧಿಕಾರಿಗಳೇ.