ಎರಡು ದಿನದ ತರಬೇತಿ ಮುಗಿಸಿ 'ಹ್ಯೂಮನ್ ಫ್ಯಾಕ್ಟರ್ಸ್ ಎಕ್ಸ್‌ಪರ್ಟ್' ಆಗಿಬಿಟ್ಟೆ. ನನಗೆ ನಿಜವಾಗಿ ಎಷ್ಟು ಬರುತ್ತದೆ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಹಳೆಯ ದಿನ ನೆನಪಾಗಿ. ಪುಣೆ ಹತ್ತಿರದ ಚಾಕಣದಲ್ಲಿ ಸೇಫ್ಟಿ ಆಫೀಸರ್ ಅಂದಿದ್ದೀರಿ. ಹ್ಯೂಮನ್ ಫ್ಯಾಕ್ಟರ್ಸ್, ಅಂದರೆ ಕೆಲಸವನ್ನೂ ಯಂತ್ರವನ್ನೂ ಮನುಷ್ಯನಿಗೆ ಹೊಂದಿಸುವ ವಿದ್ಯೆಯ ಎರಡು ದಿನದ ತರಬೇತಿಗೆ ಹೋಗಿ ಬಂದಿರಿ, ಇನ್ಮೇಲೆ ಎಲ್ಲಾ ನಿಮ್ಮದೇ ಅಂತ ಮ್ಯಾನೇಜರ್ ಹೇಳಿದರು. ಪ್ಯಾಕಿಂಗ್ ಲೈನಿನ ಬೆನ್ನುನೋವೂ ನಿಮಗೆ, ಪೇಂಟ್ ಶಾಪ್ ಕಂಟ್ರೋಲ್ ರೂಮಿನ ಅಲಾರಂ ಸರಿಮಾಡೋದೂ ನಿಮಗೆ. ನನಗೂ ಇದೇ ಕಿರೀಟ ತೊಡಿಸಿದ್ದರು, ಭೋಸರಿಯ ಒಂದು ಪ್ರೆಸ್ ಶಾಪಿನಲ್ಲಿ.

ಅಲ್ಲಿನ ಪ್ರೆಸ್ಸುಗಳಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಕೈ ಡೈಯೊಳಗೆ (ತಗಡಿಗೆ ಆಕಾರ ಕೊಡುವ ಅಚ್ಚು) ಇರಬಾರದು ಅಂತ. ಒಬ್ಬ ಆಪರೇಟರ್ ಒಂದು ಬಟನ್ನಿಗೆ ಕಟ್ಟಿಗೆ ತುಂಡು ಸಿಗಿಸಿ ಒಂದೇ ಕೈಯಲ್ಲಿ ಓಡಿಸುತ್ತಿದ್ದ. ನಾನು ಫೋಟೋ ತೆಗೆದೆ. 'ಆಪರೇಟರ್ ನಿರ್ಲಕ್ಷ್ಯ, ಮತ್ತೆ ತರಬೇತಿ ಬೇಕು' ಅಂತ ರಿಪೋರ್ಟ್ ಬರೆದೆ. ಆಗ ನನಗೆ ಕೆಲಸದ ಭಂಗಿಗೆ ಅಂಕ ಹಾಕುವ ರೂಲಾ, ರೀಬಾ ವಿಧಾನಗಳೆಲ್ಲ ಬಾಯಿಪಾಠ. ಪರೀಕ್ಷೆ ಇಟ್ಟಿದ್ದರೆ ನೂರಕ್ಕೆ ನೂರು ತೆಗೆಯುತ್ತಿದ್ದೆ.

ಸಲಹೆಗೆ ಅಂತ ಹೊರಗಿನಿಂದ ಬರುತ್ತಿದ್ದ ಹಿರಿಯರೊಬ್ಬರು ಆ ರಿಪೋರ್ಟ್ ಓದಿ ಒಂದೇ ಪ್ರಶ್ನೆ ಕೇಳಿದರು: "ಅವನ ಪಕ್ಕ ಎಷ್ಟು ಹೊತ್ತು ನಿಂತಿದ್ದೆ?" ಫೋಟೋ ತೆಗೆಯೋಷ್ಟು ಹೊತ್ತು, ಅಷ್ಟೇ. ಮರುದಿನ ಹೋಗಿ ನಿಂತೆ. ಆತ ಸೂಪರ್‌ವೈಸರ್ ಜೊತೆ ಹಿಂದಿಯಲ್ಲಿ 'ಹಾಂ ಜಿ, ನಹೀಂ ಜಿ' ಬಿಟ್ಟರೆ ಬೇರೇನೂ ಮಾತಾಡುತ್ತಿರಲಿಲ್ಲ. ಚಹಾ ಬಿಡುವಿನಲ್ಲಿ ಫೋನಿನಲ್ಲಿ ಮನೆಯವರ ಜೊತೆ ಮಾತಾಡೋದು ಕೇಳಿಸಿತು. ಇಂಡಿ ತಾಲೂಕಿನವನು! ನಾನು ಹುಬ್ಬಳ್ಳಿಯವನು ಅಂದೆ. ಆಮೇಲೆ ಬಾಯಿ ಬಿಟ್ಟ. "ಪಿನ್ ಸವದೈತಿ ನೋಡ್ರಿ ಸರ್. ತಗಡ ನೆಟ್ಟಗ ಕುಂದ್ರಂಗಿಲ್ಲ, ಒಂದ್ ಕೈಲೆ ಹಿಡೀಬೇಕು. ಎರಡೂ ಬಟನ್ ಒತ್ತಾಕ ಮೂರನೇ ಕೈ ಎಲ್ಲಿಂದ ತರ್ಲಿ?"

ಟೂಲ್ ರೂಮಿನವರು ತಗಡನ್ನು ಜಾಗದಲ್ಲಿ ನಿಲ್ಲಿಸುವ ಆ ಪಿನ್ ಬದಲಿಸಿದರು. ಕಟ್ಟಿಗೆ ತುಂಡು ತಾನಾಗೇ ಮಾಯವಾಯಿತು. ತರಬೇತಿ ಬೇಕಾಗಿದ್ದು ನನಗೆ.

ಇದೇನೂ ಹೊಸ ಪಾಠವಲ್ಲ. 1947ರಲ್ಲೇ ಅಮೆರಿಕದಲ್ಲಿ ಫಿಟ್ಸ್ ಮತ್ತು ಜೋನ್ಸ್ ಅನ್ನುವವರು 'ಪೈಲಟ್ ತಪ್ಪು' ಅಂತ ಹಣೆಪಟ್ಟಿ ಹಚ್ಚಿದ್ದ 460 ಪ್ರಸಂಗ ಕೂಡಿಹಾಕಿ ನೋಡಿದ್ದರು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಒಂದು ಲಿವರ್ ಅಂದುಕೊಂಡು ಇನ್ನೊಂದನ್ನು ಎಳೆದದ್ದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ರಿಪೋರ್ಟ್ ಬರೆದೆ ನೋಡಿ. ಅದಕ್ಕೇ ಹೇಳೋದು, ಎಷ್ಟು ವಿಧಾನ ಗೊತ್ತು ಅಂತ ಎಣಿಸಿ ನಿಮ್ಮ ಯೋಗ್ಯತೆ ಅಳೆಯಬೇಡಿ.

ಹಾಗಾದರೆ ಹೇಗೆ ಅಳೆಯೋದು? ನಾನು ಮಾಡೋದು ಹೇಳ್ತೀನಿ. ಲೈನಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಊಹೆ ಬರೆದಿಡುತ್ತೇನೆ: ಕೆಲಸಗಾರ ಎಲ್ಲಿ ತಡವರಿಸುತ್ತಾನೆ, ಯಾವ ನಿಯಮ ಮುರಿಯುತ್ತಾನೆ, ಯಾಕೆ. ಆಮೇಲೆ ಹೋಗಿ ನೋಡುತ್ತೇನೆ, ರಾತ್ರಿ ಶಿಫ್ಟೂ ಸೇರಿಸಿ. ಶುರುವಿನಲ್ಲಿ ಊಹೆಗಳೆಲ್ಲ ನೆಲಕಚ್ಚುತ್ತಿದ್ದವು. ಈಗ ಸುಮಾರು ಸರಿ ಬರುತ್ತವೆ, ತಪ್ಪಿದಾಗ ಯಾಕೆ ತಪ್ಪಿತು ಅಂತಲೂ ಗೊತ್ತಾಗುತ್ತದೆ. ಇನ್ನೊಂದು, ಒಂದೇ ವಿಡಿಯೋ ನೋಡಿ ನೀವೂ ಇನ್ನೊಬ್ಬರೂ ಬೇರೆ ಬೇರೆ ಕೂತು ರೀಬಾ ಅಂಕ ಹಾಕಿ. ಅಂಕ ಹೊಂದದ ಕಡೆ ಜಗಳ ಆಡಿ. ಆ ಅರ್ಧ ಗಂಟೆಯ ಜಗಳದಲ್ಲಿ ಕಲಿಯೋದು ಎರಡು ದಿನದ ತರಬೇತಿಯಲ್ಲಿ ಸಿಗಲ್ಲ.

ಲೆಕ್ಕದ ಒಳಗುಟ್ಟು ತಿಳಿದಿದೆಯಾ ಅಂತಲೂ ನೋಡಿಕೊಳ್ಳಿ. ಎಷ್ಟು ಭಾರ ಎತ್ತಬಹುದು ಅಂತ ಹೇಳುವ ನಯೋಷ್ (ಅಮೆರಿಕದ ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ) ಸೂತ್ರವನ್ನೇ ತಗೊಳ್ಳಿ. '23 ಕೆಜಿವರೆಗೆ ಓಕೆ' ಅಂತ ಎಷ್ಟೋ ಕಾರ್ಖಾನೆಗಳ ಗೋಡೆ ಮೇಲೆ ಅಂಟಿಸಿರ್ತಾರೆ. ಆ 23 ಎಲ್ಲವೂ ಅನುಕೂಲವಾಗಿದ್ದಾಗಿನ ಅಂಕಿ ಮಾತ್ರ. ಪೆಟ್ಟಿಗೆ ಹಿಡಿದ ಕೈ ಎರಡು ಕಣಕಾಲುಗಳ ನಡುವಿನಿಂದ 50 ಸೆಂ.ಮೀ. ಮುಂದೆ ಇದ್ದರೆ ಅರ್ಧಕ್ಕೆ ಇಳಿಯಿತು, 11.5. ಇಡೀ ಶಿಫ್ಟ್ ನಿಮಿಷಕ್ಕೆ ನಾಲ್ಕು ಸಲ ಎತ್ತಬೇಕಾದರೆ ಅದನ್ನು ಮತ್ತೆ 0.45ರಿಂದ ಗುಣಿಸಿ. ಉಳಿಯೋದು 5 ಕೆಜಿ ಚಿಲ್ಲರೆ. ಬಗ್ಗೋದು, ತಿರುಗೋದು ಇನ್ನೂ ಸೇರಿಸಿಲ್ಲ! ನಿಮ್ಮ ಪ್ಯಾಕಿಂಗ್ ಲೈನಿನಲ್ಲಿ ಟೇಪ್ ಹಿಡಿದು ಇದನ್ನೇ ಮೊದಲು ಮಾಡಿ.

ಸರ್ಟಿಫಿಕೇಟ್ ಬೇಡ ಅಂತಲ್ಲ. ಬ್ರಿಟನ್ನಿನಲ್ಲಿ 1949ರಿಂದ ಇರುವ ಎರ್ಗನಾಮಿಕ್ಸ್ (ಹ್ಯೂಮನ್ ಫ್ಯಾಕ್ಟರ್ಸಿನ ಇನ್ನೊಂದು ಹೆಸರು) ಸಂಸ್ಥೆಗೆ 2014ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು, ಅಲ್ಲಿ ಚಾರ್ಟರ್ಡ್, ಅಂದರೆ ಮಾನ್ಯತೆ ಪಡೆದ ತಜ್ಞ, ಆಗಬಹುದು. ಅಮೆರಿಕದಲ್ಲಿ 1990ರಿಂದ ಈ ವಿದ್ಯೆಯವರಿಗೆ ಸರ್ಟಿಫಿಕೇಟ್ ಕೊಡುವ ಬಿಸಿಪಿಇ ಅನ್ನುವ ಮಂಡಳಿ ಇದೆ. ಎರಡೂ ಕಡೆ ಓದಿನ ಜೊತೆ ಕೆಲಸದ ಅನುಭವವನ್ನೂ ನೋಡುತ್ತಾರೆ. ಆ ನೋಟ್‌ಬುಕ್ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಹತ್ತಿರದಲ್ಲೇ ಬೇಕೆಂದರೆ ಪೊವೈಯ ಐಐಟಿ ಬಾಂಬೆಯ ಡಿಸೈನ್ ವಿಭಾಗವಾದ ಐಡಿಸಿಯಲ್ಲಿ ಎರ್ಗನಾಮಿಕ್ಸ್ ಕಲಿಸುತ್ತಾರೆ. ಆದರೆ ಇದೆಲ್ಲಕ್ಕಿಂತ ಮೊದಲು ನಿಮ್ಮ ರಿಪೋರ್ಟಿಗೆ ಕೆಂಪು ಪೆನ್ನು ಹಾಕುವ ಒಬ್ಬ ಹಿರಿಯರನ್ನು ಹುಡುಕಿಕೊಳ್ಳಿ. ಬೈದರೂ ಪರವಾಗಿಲ್ಲ.

ಕಂಟ್ರೋಲ್ ರೂಮಿನ ಅಲಾರಂ ವಿಷಯಕ್ಕೆ ಬರ್ತೀನಿ. ಅದು ಬೇರೆಯದೇ ವಿದ್ಯೆ. 1994ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರ ಸ್ಫೋಟಿಸುವ ಮೊದಲಿನ ಕೊನೆಯ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಡಿದಿದ್ದವು. ಯಾವ ಅಲಾರಂ ಇರಬೇಕು, ಯಾವುದನ್ನು ತೆಗೆಯಬೇಕು ಅಂತ ನಿರ್ಧರಿಸೋದಕ್ಕೆ ಪ್ರೋಸೆಸ್ ಗೊತ್ತಿರಬೇಕು, ಆ ಕೆಲಸ ಮೊದಲು ಮಾಡಿರಬೇಕು. ಇಷ್ಟು ವರ್ಷ ಆದಮೇಲೂ ನಾನು ಒಬ್ಬನೇ ಅದಕ್ಕೆ ಕೈ ಹಾಕಲ್ಲ.

ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ ನೇರವಾಗಿ ಹೇಳಿ: "ಪ್ಯಾಕಿಂಗ್ ಲೈನ್ ನಾನು ನೋಡ್ತೀನಿ ಸರ್, ಮೂರು ತಿಂಗಳು ಕೊಡಿ. ಅಲಾರಂಗೆ ಹೊರಗಿನವರನ್ನು ಕರೆಸಿ, ನಾನು ಜೊತೆಗೆ ಕೂತು ಕಲೀತೀನಿ." ಮುಖ ಸಿಂಡರಿಸಿದರೆ ಆ 275ರ ಕಥೆ ಹೇಳಿ. ನಮ್ಮ ಮ್ಯಾನೇಜರ್ ಅದನ್ನು ಕೇಳಿದ ಮೇಲೆಯೇ ಹೊರಗಿನವರ ಖರ್ಚಿಗೆ ಸಹಿ ಹಾಕಿದ್ದು.