ವಿಮಾನದಲ್ಲಿ ಒಂದು ಗಂಟೆ, ರೈಲಿನಲ್ಲಿ ಮೂರು ಗಂಟೆ: ಕೆಲಸದ ಓಡಾಟಕ್ಕೆ ಯಾವುದು ಒಳ್ಳೆಯದು?

ವಾರಕ್ಕೊಮ್ಮೆ ಇನ್ನೊಂದು ಊರಿನ ಆಫೀಸಿಗೆ ಹೋಗಬೇಕು, ರೈಲಿನಲ್ಲಿ ಹೋದರೆ ದಾರಿಯಲ್ಲಿ ನಿಜವಾಗಿ ಕೆಲಸ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಎಲ್ಲ ಕೆಲಸವೂ ಆಗುವುದಿಲ್ಲ, ಅಷ್ಟೇ. ನಾನು ವರ್ಷಗಳಿಂದ ಇಂಥ ಓಡಾಟಕ್ಕೆ ರೈಲನ್ನೇ ಹಿಡಿಯುತ್ತೇನೆ.

ಆ ಒಂದು ಗಂಟೆ ಅನ್ನೋದು ವಿಮಾನ ಗಾಳಿಯಲ್ಲಿರುವ ಸಮಯ ಮಾತ್ರ. ವಿಮಾನ ನಿಲ್ದಾಣಕ್ಕೆ ಹೋಗುವುದು, ತಪಾಸಣೆ, ಗೇಟಿನ ಮುಂದೆ ಕಾಯುವುದು, ಇಳಿದ ಮೇಲೆ ಮತ್ತೆ ಊರೊಳಗೆ ಬರುವುದು, ಇದನ್ನೆಲ್ಲ ಸೇರಿಸಿ ಮನೆ ಬಾಗಿಲಿನಿಂದ ಮೀಟಿಂಗ್ ಕೋಣೆಯ ತನಕ ಒಮ್ಮೆ ಲೆಕ್ಕ ಹಾಕಿ ನೋಡಿ. ಜಪಾನಿನಲ್ಲಿ ಟೋಕಿಯೊದಿಂದ ಒಸಾಕಾಗೆ ಸುಮಾರು 515 ಕಿಲೋಮೀಟರ್, ಶಿಂಕಾನ್ಸೆನ್‌ ಅನ್ನುವ ಅಲ್ಲಿನ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ. ಅಲ್ಲಿ ಕೆಲಸಕ್ಕೆ ಓಡಾಡುವ ಹೆಚ್ಚಿನವರು ವಿಮಾನ ಬಿಟ್ಟು ಇದನ್ನೇ ಹಿಡಿಯುತ್ತಾರೆ. ರೈಲಿಗೆ ನಾಲ್ಕೈದು ಗಂಟೆ ದಾಟುವುದಾದರೆ ಲೆಕ್ಕ ಬೇರೆ, ಆಗ ವಿಮಾನವೇ ಸರಿ.

ಆದರೆ ನನಗೆ ಗಂಟೆಗಳಿಗಿಂತ ಮುಖ್ಯ ಅನಿಸುವುದು ಆ ಸಮಯ ಹೇಗೆ ಸಿಗುತ್ತದೆ ಅನ್ನೋದು. ವಿಮಾನದ ದಾರಿಯಲ್ಲಿ ಹತ್ತು ನಿಮಿಷ ಇಲ್ಲಿ, ಇಪ್ಪತ್ತು ನಿಮಿಷ ಅಲ್ಲಿ, ಎಲ್ಲ ತುಂಡು ತುಂಡು. ರೈಲಿನಲ್ಲಿ ಒಮ್ಮೆ ಕೂತರೆ ಇಳಿಯುವ ತನಕ ಯಾರೂ ಏಳಿಸುವುದಿಲ್ಲ. ಆಫೀಸಿನಲ್ಲೂ ಇಷ್ಟು ಉದ್ದದ ಸಮಯ ಒಟ್ಟಿಗೆ ಸಿಗುವುದು ಕಷ್ಟ ಅಲ್ವಾ?

ಇಂಟರ್‌ನೆಟ್ ಮಾತ್ರ ನಂಬಬೇಡಿ. ಬೋಗಿ ಅಂದರೆ ಲೋಹದ ಡಬ್ಬಿ. ಎಷ್ಟೋ ಹೊಸ ಬೋಗಿಗಳಲ್ಲಿ ಬಿಸಿಲು ತಡೆಯಲು ಕಿಟಕಿ ಗಾಜಿಗೂ ತೆಳುವಾದ ಲೋಹದ ಲೇಪ ಇರುತ್ತದೆ, ಅದು ಸಿಗ್ನಲ್ಲನ್ನೂ ತಡೆಯುತ್ತದೆ. ಸುರಂಗ ಬಂದರೆ ಇನ್ನೂ ಕಷ್ಟ. ರೈಲಿನ ವೈಫೈ ಇದೆಯಲ್ಲ ಅನ್ನಬಹುದು, ಅದೂ ಹೆಚ್ಚಾಗಿ ಅವೇ ಮೊಬೈಲ್ ಟವರ್‌ಗಳಿಂದ ಬಂದು ಇಡೀ ರೈಲಿಗೆ ಹಂಚಿಹೋಗುತ್ತದೆ. ಹಾಗಾಗಿ ಬೇಕಾದ ಫೈಲುಗಳನ್ನು ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ, ಮತ್ತು ಆಫೀಸಿನಲ್ಲಿ ಕೂತು ಓದಲು ಆಗದ ಉದ್ದದ ವರದಿ, ಬರೆಯಬೇಕೆಂದು ಮುಂದೂಡುತ್ತಾ ಬಂದ ಟಿಪ್ಪಣಿ, ಇಂಥವನ್ನೇ ಈ ಹೊತ್ತಿಗೆ ಎತ್ತಿಡಿ. ವಿಡಿಯೊ ಕಾಲ್ ಖಂಡಿತ ಬೇಡ. ಮಧ್ಯೆ ಮಧ್ಯೆ ಕಡಿದುಹೋಗುತ್ತದೆ, ಪಕ್ಕದವರಿಗೂ ಕಿರಿಕಿರಿ, ಕಂಪನಿಯ ಒಳಗಿನ ಮಾತು ಇಡೀ ಬೋಗಿಗೆ ಕೇಳಿಸುತ್ತದೆ.

ಸೀಟು ಆರಿಸುವ ಅವಕಾಶ ಇದ್ದರೆ ಬೋಗಿಯ ನಡುವೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಚಕ್ರಗಳು, ಬಾಗಿಲುಗಳು ತುದಿಗಳ ಹತ್ತಿರ ಇರುವುದರಿಂದ ಕುಲುಕಾಟ, ಸದ್ದು, ಜನರ ಓಡಾಟ ಎಲ್ಲ ಅಲ್ಲೇ ಜಾಸ್ತಿ. ಓದುವಾಗ ತಲೆ ಸುತ್ತುತ್ತದೆ ಅನ್ನುವವರು ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ, ಕಿಟಕಿ ಪಕ್ಕ ಕೂರಿ. ಕಣ್ಣು ಅಲುಗದ ಪರದೆಯನ್ನು ನೋಡುತ್ತಿರುತ್ತದೆ, ಒಳಕಿವಿ ಮೈ ಅಲುಗುತ್ತಿದೆ ಅನ್ನುತ್ತದೆ, ಈ ಎರಡೂ ಹೊಂದದಿದ್ದಾಗ ವಾಕರಿಕೆ ಬರುತ್ತದೆ. ಆಗಾಗ ಹೊರಗೆ ದೂರಕ್ಕೆ ನೋಡಿದರೆ ಕಡಿಮೆಯಾಗುತ್ತದೆ.

ಮೀಟಿಂಗಿಗೆ ಸರಿಯಾಗಿ ತಲುಪಿಸುವ ರೈಲು ಬೇಡ, ಅದಕ್ಕಿಂತ ಮುಂಚೆ ಹೊರಡುವುದನ್ನು ಹಿಡಿಯಿರಿ. ದಾರಿಯಲ್ಲಿ ರೈಲು ಬದಲಿಸಬೇಕಾದರೆ ಸಾಧ್ಯವಾದಷ್ಟೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಇದ್ದು ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಬಹಳಷ್ಟು ಕಡೆ ಆ ನಷ್ಟ ನಿಮ್ಮದೇ.

ವಾಪಸ್ ಬರುವಾಗ ಮೊದಲ ಅರ್ಧ ಗಂಟೆ ಮಾತ್ರ ಕೆಲಸ ಮಾಡಿ. ಮೀಟಿಂಗ್‌ನಲ್ಲಿ ಏನು ತೀರ್ಮಾನವಾಯಿತು, ಯಾರು ಏನು ಮಾಡಬೇಕು ಅನ್ನೋದನ್ನು ನೆನಪಿರುವಾಗಲೇ ಬರೆದು, ಲ್ಯಾಪ್‌ಟಾಪ್ ಮುಚ್ಚಿಬಿಡಿ. ವಾರ ವಾರ ಹೋಗಬೇಕಾದವರಿಗೆ ಈ ವಿಶ್ರಾಂತಿ ಬೇಕೇ ಬೇಕು. ಇನ್ನೊಂದು ಮಾತು: ರೈಲಿನಲ್ಲಿ ಮಾಡುವ ಕೆಲಸ ದಿನದ ಕೆಲಸದ ಗಂಟೆಗಳಲ್ಲಿ ಸೇರುತ್ತದೋ ಇಲ್ಲವೋ ಅಂತ ಮೊದಲ ಪ್ರಯಾಣಕ್ಕೆ ಮುಂಚೆಯೇ ಮ್ಯಾನೇಜರ್ ಹತ್ತಿರ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ.