ಟ್ಯಾಂಕಿಗೆ ಬಣ್ಣ ಹೊಡೆಯೋಕೆ ಆಷಾಢ ಆಗಲ್ಲ ಮಾರಾಯ್ರೆ

ಹೋದ ಸಲ ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪ್ರಶ್ನೆ ಮೇಲೆ ಪ್ರಶ್ನೆ. ನಮ್ಮ ಕರಾವಳಿಲಿ, ಘಟ್ಟದ ಮೇಲೆ ಇಷ್ಟು ಜನ ಬಾಗಿಲು ಹಾಕ್ಕೊಂಡು ಇದೇ ಕೆಲಸ ಮಾಡ್ತಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಐದು ಪ್ರಶ್ನೆ ಆರಿಸಿದ್ದೀನಿ.

ಪ್ರಶ್ನೆ: ಸರ್, 1/35 ಅಳತೆಯ (ಅಸಲಿಗಿಂತ 35 ಪಟ್ಟು ಸಣ್ಣದು) ಟಿ-55 ಟ್ಯಾಂಕ್ ಜೋಡಿಸಿ ಜುಲೈ ಎರಡನೇ ವಾರ ಸ್ಪ್ರೇ ಡಬ್ಬಿಯಿಂದ ಹಸಿರು ಹೊಡೆದೆ. ಹೊಡೆಯೋವಾಗ ಚಂದ ಇತ್ತು, ಹತ್ತು ನಿಮಿಷದಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಾಗೋಯ್ತು. ಬಣ್ಣ ಡೂಪ್ಲಿಕೇಟ್ ಇರಬಹುದಾ? ಟ್ಯಾಂಕ್ ಉಳಿಯತ್ತಾ? (ಕೋಡಿಬಾಗ, ಕಾರವಾರ)

ಉತ್ತರ: ಡಬ್ಬಿದು ತಪ್ಪಲ್ಲ, ಗಾಳಿದು ತಪ್ಪು. ಇಂಜೆಕ್ಷನ್ ಕೊಡೋ ಮೊದಲು ನರ್ಸ್ ಹತ್ತಿಲಿ ಸ್ಪಿರಿಟ್ ಒರೆಸ್ತಾರಲ್ಲ, ಆ ಜಾಗ ತಣ್ಣಗಾಗತ್ತೆ, ಯಾಕಂದ್ರೆ ಸ್ಪಿರಿಟ್ ಹಾರಿ ಹೋಗೋವಾಗ ಶಾಖ ಎಳ್ಕೊಂಡು ಹೋಗತ್ತೆ. ನಿಮ್ಮ ಡಬ್ಬಿಲಿರೋ ಲ್ಯಾಕರ್ ಬಣ್ಣದ (ಬೇಗ ಒಣಗೋ ಜಾತಿ) ತಿನ್ನರ್ರೂ ಅಷ್ಟೇ, ಅವಸರದಲ್ಲಿ ಹಾರತ್ತೆ, ಟ್ಯಾಂಕಿನ ಮೈ ತಣ್ಣಗಾಗತ್ತೆ, ಜುಲೈಲಿ ಕಾರವಾರದ ಗಾಳಿ ಅಂದ್ರೆ ಅರ್ಧ ನೀರೇ ತಾನೇ, ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರೋ ಹಾಗೆ ಹಸಿ ಬಣ್ಣದ ಮೇಲೆ ಸಣ್ಣ ಸಣ್ಣ ಹನಿ ಕೂರತ್ತೆ. ಬಣ್ಣ ಒಣಗೋವಾಗ ಆ ಹನಿ ಇದ್ದ ಜಾಗ ಎಲ್ಲ ಸಣ್ಣ ತೂತು, ಬೆಳಕು ಅದರಲ್ಲಿ ಚದುರಿ ಕಣ್ಣಿಗೆ ಬಿಳಿ ಕಾಣತ್ತೆ. ಬ್ಲಶಿಂಗ್ ಅಂತಾರೆ ಇದಕ್ಕೆ.

ಉಳಿಯತ್ತೆ, ಹೆದರಬೇಡಿ. ಏರ್‌ಬ್ರಶ್ (ಗಾಳಿ ಒತ್ತಡದಲ್ಲಿ ಬಣ್ಣ ಸಿಂಪಡಿಸೋ ಪೆನ್ನಿನಂಥ ಸಾಧನ) ಇದ್ರೆ ಒಣ ಹವೆ ಇರೋ ದಿನ ನೋಡ್ಕೊಂಡು ಬರೀ ಲ್ಯಾಕರ್ ತಿನ್ನರ್, ಸಿಕ್ಕಿದ್ರೆ ನಿಧಾನ ಹಾರೋ ರಿಟಾರ್ಡರ್ ಬೆರೆಸಿದ್ದು, ಇಬ್ಬನಿ ಬಿದ್ದ ಹಾಗೆ ತೆಳ್ಳಗೆ ಒಂದು ಸಲ ಹಾಯಿಸಿ, ಬಣ್ಣ ಸ್ವಲ್ಪ ಕರಗಿ ತೂತು ಮುಚ್ಕೊಳ್ಳತ್ತೆ, ಹಸಿರು ವಾಪಸ್ ಬರತ್ತೆ. ಏರ್‌ಬ್ರಶ್ ಇಲ್ದಿದ್ರೆ ಪೂರ್ತಿ ಒಣಗೋಕೆ ಬಿಟ್ಟು, 1000 ನಂಬರ್ ವಾಟರ್ ಪೇಪರ್‌ನಲ್ಲಿ ಹಗುರ ಉಜ್ಜಿ ಮತ್ತೆ ತೆಳ್ಳಗೆ ಹೊಡೀರಿ. ಬಟ್ಟೆ ತಿನ್ನರಿಗೆ ಅದ್ದಿ ಒರೆಸೋಕೆ ಮಾತ್ರ ಹೋಗಬೇಡಿ, ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗತ್ತೆ.

ನಂದೇ ಕತೆ ಹೇಳ್ಬೇಕಂದ್ರೆ, ಮೊದಲ ಟ್ಯಾಂಕಿಗೆ ನಾನು ಬಣ್ಣ ಹೊಡೆದಿದ್ದು ಬಚ್ಚಲುಮನೆಲಿ, ಧೂಳು ಇರಲ್ಲ ಅಂತ ದೊಡ್ಡ ಬುದ್ಧಿ ಖರ್ಚು ಮಾಡಿ. ಪಕ್ಕದಲ್ಲಿ ಹಂಡೆಲಿ ನೀರು ಕುದೀತಾ ಇದೆ, ಆವಿ ತುಂಬಿದೆ, ಟ್ಯಾಂಕು ಬೆಳ್ಳಗಾಗಿದ್ದು ಬಿಡಿ, ಹಂಡೆ ಕೆಳಗೆ ಕಟ್ಟಿಗೆ ಉರೀತಿತ್ತು, ನಾನು ಸ್ಪ್ರೇ ಹಿಡ್ಕೊಂಡು ನಿಂತಿದ್ದೆ. ಆಯಿ ವಾಸನೆ ಹಿಡ್ಕೊಂಡು ಬಂದು ನೋಡಿ ಹೇಳಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ಸ್ಪ್ರೇ ಡಬ್ಬಿ ಗ್ಯಾಸೂ ತಿನ್ನರ್ರೂ ಎರಡೂ ಬೆಂಕಿ ಹಿಡಿಯೋ ಮಾಲು, ಒಲೆ, ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು, ಕಿಟಕಿ ತೆಗೆದಿರ್ಬೇಕು, ಮುಖಕ್ಕೆ ಮಾಸ್ಕ್ ಬೇಕು.

ಆಮೇಲಿಂದ ನಾನು ಪಂಚಾಂಗ ನೋಡಿ ಕೆಲಸ ಮಾಡ್ತೀನಿ. ಜೂನಿಂದ ಸೆಪ್ಟೆಂಬರ್ ತನಕ ಕತ್ತರಿಸೋದು, ಅಂಟಿಸೋದು, ಉಜ್ಜೋದು, ಸಂದು ತುಂಬೋದು, ಹೆಚ್ಚಂದ್ರೆ ಚಕ್ರ ಗಿಕ್ರಕ್ಕೆ ನೀರಿನ ಅಕ್ರಿಲಿಕ್ ಬ್ರಶ್ಶಲ್ಲಿ ಹಚ್ಚೋದು. ಸ್ಪ್ರೇ ಎಲ್ಲ ನವರಾತ್ರಿ ಕಳೆದ ಮೇಲೆ. ತಡೆಯೋಕೇ ಆಗಲ್ಲ ಅಂದ್ರೆ ಮಳೆ ಹೊಳವಾದ ದಿನ ಮಧ್ಯಾಹ್ನ ಹೊಡೀರಿ, ಅದಕ್ಕೂ ಮೊದಲು ಒಂದು ರಟ್ಟಿನ ಪೆಟ್ಟಿಗೆಲಿ ಹಳೇ 40 ವ್ಯಾಟಿನ ಬಲ್ಬ್ ಹಾಕಿ (ಎಲ್‌ಇಡಿ ಅಲ್ಲ, ಅದು ಬಿಸಿ ಆಗಲ್ಲ) ಟ್ಯಾಂಕನ್ನ ಅರ್ಧ ತಾಸು ಬೆಚ್ಚಗೆ ಮಾಡ್ಕೊಳ್ಳಿ. ಹಸಿ ಬಣ್ಣದ ಟ್ಯಾಂಕು ಆ ಪೆಟ್ಟಿಗೆಗೆ ಹೋಗಬಾರದು, ವಾಸನೆ ಪೂರ್ತಿ ಹೋದ ಮೇಲೆ ಮಾತ್ರ. ಮತ್ತೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸ್ತೀನಿ ಅಂತ ಒಬ್ಬರು ಬರೆದಿದ್ದಾರೆ, ಬೇಡ, ಪಾಲಿಸ್ಟೈರಿನ್ ಪ್ಲಾಸ್ಟಿಕ್ ನೀರು ಕುದಿಯೋ ಬಿಸಿ ಮುಟ್ಟೋ ಮೊದಲೇ ಮೆತ್ತಗಾಗಿ ಸೊಟ್ಟಾಗತ್ತೆ, ಅಟ್ಟ ಮುರುಗಲು ಸಿಪ್ಪೆಗೇ ಇರಲಿ.

ಪ್ರಶ್ನೆ: ನಂದೂ ಟಿ-55. ರಬ್ಬರ್ ತರದ ಟ್ರ್ಯಾಕ್ (ಚಕ್ರಗಳ ಸುತ್ತ ಓಡೋ ಪಟ್ಟಿ) ಬಂದಿದೆ. ಗಮ್ಮಿಗೆ ಅಂಟ್ತಾ ಇಲ್ಲ, ಎಳೆದು ಹಾಕಿದ್ರೆ ತಂತಿ ಹಾಗೆ ಬಿಗಿಯಾಗಿ ನಿಲ್ಲತ್ತೆ, ಫೋಟೋಲಿ ಇರೋ ಹಾಗೆ ಜೋತು ಬೀಳ್ತಿಲ್ಲ. (ಸಿರ್ಸಿ)

ಉತ್ತರ: ನಿಮ್ಮ ಕಣ್ಣು ಚಲೋ ಇದೆ, ತುಂಬ ಜನ ಇದನ್ನ ನೋಡೋದೇ ಇಲ್ಲ. ಟಿ-55ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಚಕ್ರ, ಟ್ರ್ಯಾಕನ್ನ ಮೇಲೆ ಎತ್ತಿ ಹಿಡಿಯೋ ಸಣ್ಣ ರೋಲರ್ ಇಲ್ಲವೇ ಇಲ್ಲ. ಹಾಗಾಗಿ ಮೇಲಿನ ಟ್ರ್ಯಾಕು ಚಕ್ರಗಳ ತಲೆ ಮೇಲೆ ಮಲಗತ್ತೆ, ಎರಡು ಚಕ್ರದ ಮಧ್ಯ ಬಟ್ಟೆ ಒಣಗಿಸೋ ಹಗ್ಗದ ತರ ಬಾಗತ್ತೆ. ಮೊದಲನೇ ಮತ್ತು ಎರಡನೇ ಚಕ್ರದ ಮಧ್ಯ ಸಂದು ಜಾಸ್ತಿ ಇದೆ ನೋಡಿ, ಟಿ-55ನ್ನ ಟಿ-62ರಿಂದ ಗುರುತು ಹಿಡಿಯೋದೇ ಇದರಲ್ಲಿ, 62ಕ್ಕೆ ದೊಡ್ಡ ಸಂದು ಹಿಂದಿನ ಚಕ್ರಗಳ ಹತ್ರ ಇರತ್ತೆ. ಆ ದೊಡ್ಡ ಸಂದಲ್ಲಿ ಬಾಗೂ ಸ್ವಲ್ಪ ಎದ್ದು ಕಾಣತ್ತೆ.

ಹಳೇ ಕಿಟ್ಟುಗಳ ಟ್ರ್ಯಾಕು ವಿನೈಲ್, ಪ್ಲಾಸ್ಟಿಕ್ ಸಿಮೆಂಟು ಪಾಲಿಸ್ಟೈರಿನ್ನನ್ನ ಕರಗಿಸಿ ಬೆಸೆಯತ್ತೆ, ವಿನೈಲನ್ನ ಮುಟ್ಟೋದೇ ಇಲ್ಲ. ತುದಿಲಿ ಸಣ್ಣ ಗೂಟ ಇರತ್ತಲ್ಲ, ಅದನ್ನ ತೂತಲ್ಲಿ ತೂರಿಸಿ, ಬಿಸಿ ಮಾಡಿದ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಚಪ್ಪಟೆ ಮಾಡಿ. ಗೂಟ ಮುರಿದೋಗಿದ್ರೆ ಕಪ್ಪು ದಾರದಲ್ಲಿ ಹೊಲಿದುಬಿಡಿ, ಹೊಲಿಗೆ ಬಂದ ಜಾಗ ಫೆಂಡರ್ (ಟ್ರ್ಯಾಕಿನ ಮೇಲಿನ ಮಡ್ಗಾರ್ಡು) ಅಡಿಗೆ ಹೋಗೋ ಹಾಗೆ ತಿರುಗಿಸಿ, ಯಾರಿಗೂ ಕಾಣಲ್ಲ. ಬಾಗು ತರೋಕೆ ಚಕ್ರದ ತಲೆಗೆ ಒಂದೊಂದು ಚುಕ್ಕಿ ಫೆವಿಕ್ವಿಕ್ ಇಟ್ಟು, ಟ್ರ್ಯಾಕು ಮತ್ತು ಫೆಂಡರ್ ಮಧ್ಯ ಪಾತ್ರೆ ತಿಕ್ಕೋ ಸ್ಪಾಂಜಿನ ತುಂಡು ತುರುಕಿ ಒತ್ತಿ ಹಿಡಿಸಿ ರಾತ್ರಿ ಇಡೀ ಬಿಡಿ. ಆದ್ರೆ ಅದಕ್ಕೂ ಮೊದಲು ಚಕ್ರಕ್ಕೂ ಟ್ರ್ಯಾಕಿಗೂ ಅಕ್ರಿಲಿಕ್ ಬಣ್ಣ ಒಂದು ಪದರ ಇರಲಿ. ವಿನೈಲ್ ಮೆತ್ತಗಿರೋಕೆ ಅಂತ ಹಾಕಿರೋ ಎಣ್ಣೆ ತರದ ಪದಾರ್ಥ ವರ್ಷಗಟ್ಟಲೆ ನಿಧಾನ ಹೊರಗೆ ಬಂದು, ಮುಟ್ಟಿಕೊಂಡಿರೋ ಪ್ಲಾಸ್ಟಿಕ್ಕನ್ನ ತಿನ್ನತ್ತೆ. ನನ್ನ ಕಪಾಟಲ್ಲಿ ಹಾಗೇ ಬಿಟ್ಟ ಒಂದು ಟ್ಯಾಂಕಿನ ಚಕ್ರ ಈಗ ಇಲಿ ಕಚ್ಚಿದ ಹಾಗಿದೆ.

ಟ್ರ್ಯಾಕಿನ ಬಣ್ಣ ಕಿತ್ತಳೆ ತುಕ್ಕು ಮಾಡಬೇಡಿ ಪ್ಲೀಸ್. ಓಡೋ ಟ್ರ್ಯಾಕಿಗೆ ಅಷ್ಟು ತುಕ್ಕು ನಿಲ್ಲಲ್ಲ. ಚಿರೆಕಲ್ಲು ಕ್ವಾರಿಲಿ ಹಿಟಾಚಿ ಕೆಲಸ ಮಾಡ್ತಿದ್ರೆ ಒಂದು ಐದು ನಿಮಿಷ ದೂರದಲ್ಲಿ ನಿಂತು ಅದರ ಚೈನ್ ನೋಡಿ: ಸಂದಲ್ಲೆಲ್ಲ ಮಣ್ಣು, ನೆಲ ಮುಟ್ಟೋ ಅಂಚು ಮಾತ್ರ ಉಜ್ಜಿ ಉಜ್ಜಿ ಬೆಳ್ಳಿ ತರ ಹೊಳೀತಿರತ್ತೆ. ಹಾಗೇ ಮಾಡಿ, ಕಂದು ಬೆರೆಸಿದ ಗಾಢ ಬೂದು ಬಣ್ಣ ಮೊದಲು, ಆಮೇಲೆ 6ಬಿ ಪೆನ್ಸಿಲ್ ಸೀಸ ಪುಡಿ ಮಾಡಿ ಬೆರಳಲ್ಲಿ ಅಂಚಿಗೆ ತಿಕ್ಕಿ. ಎರಡು ರೂಪಾಯಿ ಖರ್ಚಿಲ್ಲ.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್. ನನ್ನ ಹತ್ರ ಫೆವಿಕ್ವಿಕ್, ನೇಲ್ ಕಟರ್ ಮತ್ತೆ ಚಿತ್ರಕಲೆ ಬ್ರಶ್ ಇದೆ. ಇಷ್ಟರಲ್ಲಿ ಶುರು ಮಾಡಬಹುದಾ? 1/35 ತಗೊಳ್ಳಲಾ 1/72 ತಗೊಳ್ಳಲಾ? (ಅಂಕೋಲಾ)

ಉತ್ತರ: ಶುರು ಮಾಡು ತಮ್ಮಾ. ತುಂಡುಗಳನ್ನ ಅವು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟಿಂದ ಬಿಡಿಸೋಕೆ ನೇಲ್ ಕಟರ್ ಸಾಕು, ಆದ್ರೆ ತುಂಡಿಗೆ ಒತ್ತಿ ಕತ್ತರಿಸಬೇಡ, ಸ್ವಲ್ಪ ಬಿಟ್ಟು ಕತ್ತರಿಸಿ ಉಳಿದಿದ್ದನ್ನ ವಾಟರ್ ಪೇಪರಲ್ಲಿ ಉಜ್ಜು. ಫೆವಿಕ್ವಿಕ್ ಬದಲು ಒಂದು ಬಾಟ್ಲಿ ತೆಳು ಪ್ಲಾಸ್ಟಿಕ್ ಸಿಮೆಂಟ್ ಮಾತ್ರ ಕೇಳಿ ತರಿಸ್ಕೋ. ಎರಡು ತುಂಡು ಕೂಡಿಸಿ ಹಿಡಿದು ಸಂದಿಗೆ ಬ್ರಶ್ ಮುಟ್ಟಿಸಿದ್ರೆ ತಾನೇ ಒಳಗೆ ಓಡತ್ತೆ. ಫೆವಿಕ್ವಿಕ್ ಹಾಕಿದ್ರೆ ಸುತ್ತ ಬಿಳಿ ಹೊಗೆ ಕೂರತ್ತೆ, ಬೆರಳೂ ಅಂಟತ್ತೆ. ಕಿಟ್ ಬಿಚ್ಚಿದ ಕೂಡ್ಲೆ ಪಾತ್ರೆ ಸೋಪಲ್ಲಿ ತೊಳಿ, ಅಚ್ಚಿನ ಎಣ್ಣೆ ಜಿಡ್ಡು ಇದ್ರೆ ಬಣ್ಣ ನಿಲ್ಲಲ್ಲ.

ಅಳತೆ ಲೆಕ್ಕ ನೀನೇ ಮಾಡು. ತೋಪು ಮುಂದಕ್ಕೆ ಚಾಚಿದ ಟಿ-55 ಸುಮಾರು 9 ಮೀಟರ್ ಉದ್ದ, 35ರಿಂದ ಭಾಗಿಸಿದ್ರೆ 26 ಸೆಂಟಿಮೀಟರ್ ಹತ್ರ, 72ರಿಂದ ಭಾಗಿಸಿದ್ರೆ ಹನ್ನೆರಡೂವರೆ. ಈ 35 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ, 1960ರ ದಶಕದ ಶುರುಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕ್ ಮಾಡೋವಾಗ ಒಳಗೆ ಮೋಟರು ಬ್ಯಾಟರಿ ಹಿಡಿಸೋ ಹಾಗೆ ಗಾತ್ರ ಇಟ್ಕೊಂಡ್ರು, ಅದು ಲೆಕ್ಕ ಹಾಕಿದ್ರೆ 1/35 ಬಂತು, ಆಮೇಲೆ ಉಳಿದವರೂ ಅದನ್ನೇ ಹಿಡಿದ್ರು. ನಿಂಗೆ ಮೊದಲನೇದು ಅಂದ್ರೆ ನಾನು 1/35 ಅಂತೀನಿ, ದುಡ್ಡು ಜಾಸ್ತಿ ನಿಜ, ಆದ್ರೆ 1/72ರ ಸಣ್ಣ ಕೊಕ್ಕೆ ಒಂದು ನೆಲಕ್ಕೆ ಬಿದ್ರೆ ದೇವರಾಣೆ ಸಿಗಲ್ಲ.

ಪ್ರಶ್ನೆ: 1971ರ ಭಾರತ-ಪಾಕ್ ಸಮರದ ಬಸಂತರ್ ಯುದ್ಧದ ಸೆಂಚುರಿಯನ್ ಟ್ಯಾಂಕ್ ಮಾಡ್ತಿದ್ದೇನೆ. ನಮ್ಮ ಮನೆ ಅಂಗಳದ ಕೆಂಪು ಮಣ್ಣನ್ನೇ ಹಚ್ಚಿದ್ರೆ ಅಸಲಿ ಕಾಣುತ್ತಲ್ಲವೇ? (ಕುಮಟಾ)

ಉತ್ತರ: ಅಸಲಿ ಮಣ್ಣು, ಸುಳ್ಳು ಟ್ಯಾಂಕು ಆಗತ್ತೆ. ನಮ್ಮ ಅಂಗಳದ ಕೆಂಪು ಜಂಬಿಟ್ಟಿಗೆ ಕಲ್ಲಿನದು, ಅದರ ಕಬ್ಬಿಣದ ಅಂಶ ಮಳೆ ಬಿಸಿಲಿಗೆ ಕೆಂಪಾಗಿದ್ದು. ಬಸಂತರ್ ಹರಿಯೋದು ಪಾಕಿಸ್ತಾನದ ಶಕರ್‌ಗಢದ ಕಡೆ, ಅದು ರಾವಿಗೆ ಸೇರೋ ಹೊಳೆ, ಅಲ್ಲಿರೋದು ನದಿ ತಂದು ಹಾಕಿದ ಮೆಕ್ಕಲು, ಬೂದುಗಂದು. 1971ರ ಡಿಸೆಂಬರ್ 16ರಂದು ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತಮ್ಮ ಸೆಂಚುರಿಯನ್ನಿಗೆ ಬೆಂಕಿ ಬಿದ್ರೂ ಬಿಟ್ಟು ಇಳಿಯದೆ ಹೋರಾಡಿ 21ನೇ ವಯಸ್ಸಿಗೆ ಸತ್ತರು, ಪರಮವೀರ ಚಕ್ರ ಬಂತು. ಆ ಟ್ಯಾಂಕಿನ ಹೆಸರು ಫಾಮಾಗುಸ್ತಾ. ನೀವು ಮಾಡ್ತಿರೋದು ಅದೇ ಆದ್ರೆ ಅದಕ್ಕೆ ಕುಮಟೆ ಅಂಗಳದ ಮಣ್ಣು ಹಚ್ಚೋಕೆ ನಂಗಂತೂ ಕೈ ಬರಲ್ಲ.

ಇನ್ನೊಂದು ತೊಡಕು ಕಾಳಿನ ಗಾತ್ರ. ಒಂದು ಮಿಲಿಮೀಟರಿನ ಮರಳು ಕಾಳು 1/35ರಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲು. ಅಂಗಳದ ಮಣ್ಣು ಹಾಗೇ ಹಚ್ಚಿದ್ರೆ ಟ್ಯಾಂಕು ರಸ್ತೆ ಕೆಲಸದಿಂದ ಬಂದ ಹಾಗಿರತ್ತೆ. ಮಣ್ಣು ಯಾವುದೇ ಇರ್ಲಿ, ಮೊದಲು ಹಳೇ ಬಾಣಲೆಲಿ ಚೆನ್ನಾಗಿ ಹುರೀರಿ, ಇಲ್ಲಾಂದ್ರೆ ಅದರಲ್ಲಿರೋ ಬೇರು ಎಲೆ ಚೂರಿಗೆ ಮುಂದಿನ ಮಳೆಗಾಲ ಬೂಸಲು ಬರತ್ತೆ (ಕೇಳಬೇಡಿ ಹೇಗೆ ಗೊತ್ತು ಅಂತ), ಆಮೇಲೆ ತೆಳು ಹತ್ತಿ ಸೀರೆ ಬಟ್ಟೆಲಿ ಎರಡು ಸಲ ಜಾಲಿಸಿ, ಮುಖಕ್ಕೆ ಹಾಕೋ ಪೌಡರ್ ಹಾಗೆ ಆಗಬೇಕು. ನಿಮಗೆ ಬೇಕಾದ ಬಣ್ಣಕ್ಕೆ ಮುಲ್ತಾನಿ ಮಿಟ್ಟಿ ಜಾಸ್ತಿ, ಒಲೆ ಬೂದಿ ಸ್ವಲ್ಪ, ನಿಮ್ಮ ಕೆಂಪು ಮಣ್ಣು ಚಿಟಿಕೆ, ಅಷ್ಟಕ್ಕೆ ನಿಲ್ಲಿಸಿ. ಗೋಡೆ ಚಿತ್ತಾರಕ್ಕೆ ಕೆಮ್ಮಣ್ಣು ಕಲಸೋರಿಗೆ ಇದನ್ನ ಹೇಳಿಕೊಡಬೇಕಾಗೇ ಇಲ್ಲ, ಒಣಗಿದ ಮೇಲೆ ಬಣ್ಣ ತಿಳಿಯಾಗತ್ತೆ ಅಂತ ಅವರಿಗೆ ಗೊತ್ತು, ಹಾಗಾಗಿ ನೀವೂ ಒಂದು ತುಂಡು ಪ್ಲಾಸ್ಟಿಕ್ ಮೇಲೆ ಹಚ್ಚಿ ಒಣಗಿಸಿ ನೋಡಿ.

ಹಚ್ಚೋ ಮೊದಲು ಅಡಿಪಾಯದ ಕೆಲಸ ಮುಗಿದಿರಲಿ. ಹಸಿರು ಒಣಗಿದ ಮೇಲೆ ಹೊಳಪು ವಾರ್ನಿಶ್, ಅದರ ಮೇಲೆ ನಂಬರ್ ಸ್ಟಿಕ್ಕರ್ (ಒರಟು ಬಣ್ಣದ ಮೇಲೆ ನೇರ ಹಾಕಿದ್ರೆ ಅಡಿಲಿ ಗಾಳಿ ಉಳಿದು ಬೆಳ್ಳಿ ಹಾಗೆ ಮಿನುಗತ್ತೆ), ಮತ್ತೆ ವಾರ್ನಿಶ್, ಆಮೇಲೆ ಗಾಢ ಕಂದು ಆಯಿಲ್ ಕಲರನ್ನ ಟರ್ಪೆಂಟೈನಲ್ಲಿ ನೀರು ಮಾಡಿ ಬೋಲ್ಟು, ಸಂದುಗಳ ಬುಡಕ್ಕೆ ಮಾತ್ರ ಸಣ್ಣ ಬ್ರಶ್ಶಲ್ಲಿ ಮುಟ್ಟಿಸೋದು. ಕೊನೆಗೆ ಮ್ಯಾಟ್ ವಾರ್ನಿಶ್, ಅದಾದ ಮೇಲೆ ಮಣ್ಣು. ಚಕ್ರ, ಟ್ರ್ಯಾಕ್, ಹೊಟ್ಟೆ ಭಾಗಕ್ಕೆ ಫೆವಿಕಾಲ್ ನೀರಲ್ಲಿ ಕಲಸಿ ಮೆತ್ತಿ, ಮೇಲ್ಭಾಗಕ್ಕೆ ಬರೀ ಧೂಳು ಒಣಗಿದ್ದೇ ಉದುರಿಸಿ ಊದಿಬಿಡಿ. ಸೈನಿಕರು ಹತ್ತಿ ಇಳಿಯೋ ಜಾಗದಲ್ಲಿ ಧೂಳು ನಿಲ್ಲಲ್ಲ, ಅಲ್ಲಿ ಬೆರಳಲ್ಲಿ ಒರೆಸಿ ತೆಗೀರಿ. ಇಷ್ಟು ಸಣ್ಣ ಯೋಚನೆ ಮಾಡೋದಕ್ಕೇ ನಂಗೆ ಈ ಕೆಲಸ ಇಷ್ಟ, ಉಳಿದಿದ್ದೆಲ್ಲ ಬರೀ ಅಂಟಿಸೋದು.

ಪ್ರಶ್ನೆ: ಕಾರವಾರದಲ್ಲಿ ಕೂತು ಟ್ಯಾಂಕ್ ಯಾಕ್ರೀ? ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ನಿಂತಿದೆ, ಹಡಗು ಮಾಡಿ. (ಹೆಸರು ಬೇಡ, ಕಾರವಾರ)

ಉತ್ತರ: ನೌಕಾನೆಲೆ ಇರೋ ಊರಲ್ಲಿ ಈ ಬೈಗುಳ ನಿರೀಕ್ಷೆ ಮಾಡಿದ್ದೆ. ಮಾಡ್ತೀನಿ, ಆದ್ರೆ ಹಡಗಿಗೆ ಹಗ್ಗ, ರೇಲಿಂಗು, ತಂತಿ ಜಾಸ್ತಿ, ನನ್ನ ಕಣ್ಣಿಗೆ ಈಗ ಚಾಳೀಸು ಬಂದಿದೆ. ಸದ್ಯಕ್ಕೆ ಬೈತಖೋಲ್ ಬಂದರಿಗೆ ಹೋಗಿ ಲಂಗರು, ಸರಪಳಿಯ ತುಕ್ಕು ಫೋಟೋ ತಕ್ಕೊಂಡು ಬಂದಿದ್ದೀನಿ. ಉಪ್ಪುಗಾಳಿಯ ತುಕ್ಕು ಬೋಲ್ಟಿಂದ ಶುರುವಾಗಿ ಕೆಳಗೆ ಗೆರೆ ಗೆರೆಯಾಗಿ ಇಳಿಯತ್ತೆ, ಟ್ಯಾಂಕಿಗೆ ಹಾಗೆ ಇಳಿಸಿದ್ರೆ ಅದು ಸಮುದ್ರದಿಂದ ಎತ್ತಿದ ಟ್ಯಾಂಕ್ ಆಗತ್ತೆ. ಹಾಗಾಗಿ ಆ ಫೋಟೋ ಎಲ್ಲ ನಿಮ್ಮ ಚಪಲ್‌ಗೇ ಎತ್ತಿಟ್ಟಿದ್ದೀನಿ, ಸ್ಪ್ರೇ ಮಾತ್ರ ನವರಾತ್ರಿ ಆದ ಮೇಲೆ.